ಉಡಿ ತುಂಬಿದ ರವಿವಾರ

ಬಾಕ್ಸ್ ಹಿಲ್, ಮೆಲ್ಬರ್ನ್
೧೬ ಆಗಸ್ಟ್ ೨೦೦೯, ರವಿವಾರ

ಪ್ರೀತಿಯ ಚನ್ನಕ್ಕಾ,

ನಿನಗೂ ನಿಮ್ಮನೆಯವರಿಗೂ ಹೇಮಲತಾಳ ನಮಸ್ಕಾರ. ನಿಹಾರಿಕಾಳಿಗೆ, ಕೂಸಿಗೆ ಆಶೀರ್ವಾದ. ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಸಿಡ್ನಿ ತಲುಪಿದ ಮೇಲೆ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಕೈತುಂಬ ಕೆಲಸವಿದೆ ಎಂದು ನಾನು ಇಟ್ಟುಬಿಟ್ಟೆ. ಯಾವ ಕೆಲಸವೂ ಇರಲಿಲ್ಲ. ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು, ಅದಕ್ಕೂ ಉತ್ತರವಿಲ್ಲ. ಧಾರವಾಡದ ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನಲ್ಲಿದ್ದಾಗ, ರಜೆಗೆ ಊರಿಗೆ ಹೋದ ಮೂರನೇ ದಿನಕ್ಕೇ ನಿನಗೆ ಇನ್‌ಲ್ಯಾಂಡ್ ಲೆಟರ್ ಹಾಕುತ್ತಿದ್ದವಳು ನಾನು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯಲು ಹೊರಟೆ, ಆದರೆ ಕ್ಷಮೆ ಕೇಳಬೇಕಾದದ್ದು ತಡಕ್ಕಲ್ಲ.

ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ. ಸಂಯುಕ್ತಾ ಶಾಲೆಗೆ ಹೋಗುತ್ತಿದ್ದಾಳೆ. ಹನ್ನೆರಡು ತುಂಬಿದ ಮೇಲೆ ಆಕೆಯ ಬಾಯಲ್ಲಿ ಕನ್ನಡ ಬರುವುದು ಹಸಿವಾದಾಗ ಮಾತ್ರ. ನಮ್ಮನೆಯವರು ಅಡಿಲೇಡಿನ ಪ್ರಾಜೆಕ್ಟ್ ಮುಗಿಸಿ ಬಂದಿದ್ದಾರೆ. ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ನನ್ನ ಕೆಲಸ ಈಗ ಸ್ವಲ್ಪ ಹಗುರಾಗಿದೆ. ಜೂನ್ ತಿಂಗಳಲ್ಲಿ ಅಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಫೋನ್ ಎತ್ತಿದರೆ ಸಾಕು, ಹಂದಿ ಜ್ವರ ನನಗೆ ಬಂದಿದೆಯೇ, ಮಗುವಿಗೆ ಬಂದಿದೆಯೇ, ಟ್ಯಾಮಿಫ್ಲೂ ಗುಳಿಗೆ ಎಲ್ಲಿ ಸಿಗುತ್ತದೆ, ಮಾಸ್ಕ್ ಎಲ್ಲಿ ಸಿಗುತ್ತದೆ. ಟ್ರೇನಿನಲ್ಲಿ ಒಬ್ಬ ಸೀನಿದರೆ ಆ ಬೋಗಿಯ ಅರ್ಧ ಜನ ಎದ್ದು ಆಚೆ ಹೋಗುತ್ತಿದ್ದರು. ಕ್ಲಿನಿಕ್ಕಿನ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿದ್ದೆವು: ಜ್ವರ, ಕೆಮ್ಮು ಇದ್ದವರು ಒಳಗೆ ಬರಬೇಡಿ, ಹೊರಗಿನಿಂದಲೇ ಫೋನ್ ಮಾಡಿ. ಬರೆದವಳು ನಾನು, ಟೇಪ್ ಹಚ್ಚಿದವಳೂ ನಾನು. ಇದನ್ನು ನೆನಪಿಟ್ಟುಕೋ.

ಈಗ ನಿನ್ನ ಪತ್ರಕ್ಕೆ ಬರುತ್ತೇನೆ. ಬರುವ ತಿಂಗಳು ಆರಕ್ಕೆ ಕೂಸನ್ನು ತೊಟ್ಟಿಲಿಗೆ ಹಾಕುವುದು, ಅಳಿಯ ಜೀವನ್‌ಗೆ ಅಕ್ಕತಂಗಿಯರಿಲ್ಲ, ಸೋದರತ್ತೆಯ ಜಾಗದಲ್ಲಿ ನಾನೇ ನಿಂತು ಕಿವಿಯಲ್ಲಿ ಹೆಸರು ಹೇಳಬೇಕು ಎಂದು ಬರೆದಿದ್ದೀ. ಇಡುವ ಹೆಸರು ಹೇಮಾ. "ನನ್ನ ಮಗಳಿಗೆ ನೀ ತಾಯಿ ಆಗಿ ನಿಂತೀ, ಆ ಹೆಸರು ನಮ್ಮ ಮನ್ಯಾಗ ಇರಲಿ" ಎಂಬ ಸಾಲನ್ನು ನಾನು ಒಮ್ಮೆ ಓದಿ ಪತ್ರ ಮಡಚಿಟ್ಟೆ. ಆಮೇಲೆ ತೆಗೆದಿಲ್ಲ. ಚನ್ನಕ್ಕಾ, ಈ ಪತ್ರ ಪೂರ್ತಿ ಓದುವತನಕ ಆ ಹೆಸರನ್ನು ಯಾರಿಗೂ ಹೇಳಬೇಡ.

ಮೇ ಮೂವತ್ತೊಂದರ ಕುಬಸದ ಮಾತು. ಎರಡು ತಿಂಗಳ ಹಿಂದೆಯೇ ಹೊಂದಿಸಿದ ದಿನ ಅದು. ನಿಹಾರಿಕಾಳಿಗೆ ಏಳನೇ ತಿಂಗಳು. ತವರಿನ ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು ನೀನೇ ಬರಬೇಕಿತ್ತು. ಅಷ್ಟರಲ್ಲಿ ನಮ್ಮ ಮೆಲ್ಬರ್ನಿನಲ್ಲಿ ಈ ಜ್ವರ ಹಬ್ಬಿತು, ನೀನು ಕೆಲಸ ಮಾಡುವ ವೃದ್ಧಾಶ್ರಮದ ಮ್ಯಾನೇಜರು ಈ ಕಡೆ ಹೋಗಿಬಂದವರು ಏಳು ದಿನ ಕೆಲಸಕ್ಕೆ ಬರಬೇಡಿ ಎಂದಳು. ರಜೆ ಹಾಕಿ ಬರಬಹುದಿತ್ತು ನೀನು. ಬರಲಿಲ್ಲ. ಫೋನಿನಲ್ಲಿ ನೀನು ಅಂದದ್ದು ನನಗೆ ಅಕ್ಷರಶಃ ನೆನಪಿದೆ.

"ನಾ ಬರೂದಿಲ್ಲವಾ ಹೇಮಾ. ಬಂದುಹೋಗಿ ಈ ಮುದುಕರಿಗೆ ಏನರ ಹಚ್ಚಿದೆ ಅಂದ್ರ ನನ್ನ ಜೀವಾ ತಡಿಯೂದಿಲ್ಲ. ನನ್ನ ಜಾಗಾದಾಗ ನಿಂತು ಮೊದಲನೇ ಉಡಿ ನೀನ ತುಂಬು. ನೀ ಅದೀ ಅಂದ್ರ ನನಗ ಚಿಂತಿ ಇಲ್ಲ."

ಯಾರೋ ಪರಕೀಯ ಮುದುಕರಿಗಾಗಿ ನೀನು ಮಗಳ ಕುಬಸವನ್ನೇ ಬಿಟ್ಟೆ. ನಾನು ಏನು ಮಾಡಿದೆ ಕೇಳು.

ಹಿಂದಿನ ದಿನ ಶನಿವಾರ ಮಧ್ಯಾಹ್ನ ಸಂಯುಕ್ತಾಳ ಶಾಲೆಯಿಂದ ಫೋನ್ ಬಂತು. ಆಕೆಯ ಕ್ಲಾಸಿನ ಹುಡುಗಿಗೆ ಹಂದಿ ಜ್ವರ ಖಚಿತವಾಗಿದೆ, ಕ್ಲಾಸಿನ ಮಕ್ಕಳೆಲ್ಲ ಏಳು ದಿನ ಮನೆಯಲ್ಲೇ ಇರಬೇಕು, ಮನೆಯವರೂ ಎಚ್ಚರದಿಂದಿರಬೇಕು ಎಂದರು. ಥ್ಯಾಂಕ್ಯೂ ಎಂದು ಇಟ್ಟೆ. ಇಟ್ಟವಳು ನೆಟ್ಟಗೆ ಅಡುಗೆಮನೆಗೆ ಹೋಗಿ ಉಡಿಯ ಸಾಮಾನು ಜೋಡಿಸಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲ್ಲ ಐದೈದು.

ಸಂಯುಕ್ತಾ ಬಾಗಿಲಲ್ಲಿ ನಿಂತು, "ಅಮ್ಮಾ, ಆರ್ ಯು ಸ್ಟಿಲ್ ಗೋಯಿಂಗ್?" ಎಂದು ಕೇಳಿದಳು.

"ಮನ್ಯಾಗ ಇರ್ರಿ ಅಂದಿದ್ದು ನಿನಗ, ನನಗಲ್ಲ" ಎಂದೆ.

ಕ್ಲಿನಿಕ್ಕಿನಲ್ಲಿ ಯಾರಾದರೂ ಹೀಗೆ ವಾದ ಮಾಡಿದ್ದರೆ ನಾನು ಕಣ್ಣು ಕೆಂಪಗೆ ಮಾಡುತ್ತಿದ್ದೆ. ಮರುದಿನ ಹುಡುಗಿಯನ್ನು ಟಿವಿ ಮುಂದೆ ಕೂರಿಸಿ, ಬೀಗ ಹಾಕಿಕೊಂಡು ಕ್ಲೇಟನ್ನಿಗೆ, ನಿಹಾರಿಕಾಳ ಮನೆಗೆ ಹೋದೆ. ಯಾರಿಗೂ ಫೋನಿನ ವಿಷಯ ಹೇಳಲಿಲ್ಲ. ಸಂಯುಕ್ತಾ ಎಲ್ಲಿ ಎಂದವರಿಗೆ ಹೋಮ್‌ವರ್ಕ್ ಇದೆ ಎಂದೆ.

ಯಾಕೆ ಹೋದೆ? ನಿನ್ನ ಮಾತು ಉಳಿಸಲು ಎಂದು ನನಗೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನನ್ನ ಮೊದಲ ಕೂಸು ಹುಟ್ಟಿ ಎರಡೇ ದಿನಕ್ಕೆ ಹೋದದ್ದು ನಿನಗೆ ಗೊತ್ತು. ಆಮೇಲೆ ನಮ್ಮ ಓಣಿಯಲ್ಲಿ ಯಾರ ಕುಬಸಕ್ಕೂ ನನ್ನಿಂದ ಮೊದಲನೇ ಉಡಿ ತುಂಬಿಸಲಿಲ್ಲ. ಬಾಯಿ ಬಿಟ್ಟು ಯಾರೂ ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ತಟ್ಟೆ ನನ್ನನ್ನು ದಾಟಿ ಮುಂದಿನವಳ ಕೈಗೆ ಹೋಗುತ್ತಿತ್ತು. ಸಂಯುಕ್ತಾ ಹುಟ್ಟಿದ ಮೇಲೂ ಆ ಚುಚ್ಚು ಹೋಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ "ಮೊದಲನೇ ಉಡಿ ನೀನ ತುಂಬು" ಎಂದವಳು ನೀನೊಬ್ಬಳೇ. ಆ ತಟ್ಟೆಯನ್ನು ಮತ್ತೊಬ್ಬಳ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ನನ್ನ ಹಟಕ್ಕೆ ನಾಚಿಕೆಯಾಗುತ್ತದೆ ಚನ್ನಕ್ಕಾ.

ಅವತ್ತು ಮನೆ ತುಂಬ ನಗು. ಇಲ್ಲಿಯ ನಮ್ಮ ಕನ್ನಡ ಬಳಗದ ಜಯಲಕ್ಷ್ಮಿ ಆಂಟಿ ಸೋಫಾದ ಮೇಲೆ ಕೂತು, "ನಾವೆಲ್ಲ ವೆಜಿಟೇರಿಯನ್ ಕಣ್ರೀ, ಹಂದಿ ಜ್ವರ ನಮಗೆಲ್ಲಿಂದ ಬರತ್ತೆ?" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಿಹಾರಿಕಾ ಹಸಿರು ಸೀರೆಯಲ್ಲಿ ಎಷ್ಟು ಚೆಂದ ಕಾಣುತ್ತಿದ್ದಳು! ಉಡಿ ತುಂಬಿದೆ, ಗಲ್ಲ ಸವರಿ ದೃಷ್ಟಿ ತೆಗೆದೆ, ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ನನ್ನ ಕೈಯಾರೆ ಬಾಯಿಗಿಟ್ಟೆ. "ಆಂಟಿ, ಇನ್ನೊಂದು ತುತ್ತು" ಎಂದು ಅವಳೇ ಕೇಳಿದಳು.

ಬುಧವಾರ ಅವಳಿಗೆ ಜ್ವರ ಬಂತು. ಉಳಿದದ್ದು ನಿನಗೆ ಗೊತ್ತು. ಉಸಿರಾಟದ ಮಶೀನಿನ ಮೇಲೆ ಒಂಬತ್ತು ದಿನ, ಎಂಟು ವಾರ ಮೊದಲೇ ಆಪರೇಷನ್ ಮಾಡಿ ತೆಗೆದ ಕೂಸು, ಗಾಜಿನ ಪೆಟ್ಟಿಗೆಯಲ್ಲಿ ಅದರ ಅಂಗೈ. ನೀನು ಸಿಡ್ನಿಯಿಂದ ಓಡಿ ಬಂದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನನ್ನು ತಬ್ಬಿಕೊಂಡು, "ನೀ ಇದ್ದೆಂತ ನನ್ನ ಮಗಳು ಒಬ್ಬಾಕಿ ಆಗಲಿಲ್ಲವಾ" ಎಂದು ಅತ್ತೆ. ಸಂಜೆಗೊಮ್ಮೆ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದೆನಲ್ಲ, ಅದನ್ನು ಪ್ರೀತಿ ಎಂದು ತಿಳಿದೆ ನೀನು. ಪ್ರೀತಿಯೂ ಇತ್ತು, ಆದರೆ ಹೆಚ್ಚಿನದು ಭಯ.

ಪುಟ್ಟಮ್ಮನವರ ಮಾತನ್ನೂ ಈಗಲೇ ಹೇಳಬೇಕು. ಜೀವನ್‌ನ ಗೆಳೆಯ ಯೋಗೀಶನ ತಾಯಿ, ಮಂಡ್ಯ ಕಡೆಯವರು. ಮಗನ ಜೊತೆ ಆರು ತಿಂಗಳು ಇರಲೆಂದು ಬಂದು ಹತ್ತು ದಿನವಾಗಿತ್ತಷ್ಟೇ. ಗಂಡನನ್ನು ಕಳೆದುಕೊಂಡವರು, ಹಾಗಾಗಿ ಉಡಿ ತುಂಬುವ ಹೊತ್ತಿಗೆ ಹಾಲ್‌ಗೆ ಬರದೆ ಅಡುಗೆಮನೆಯಲ್ಲೇ ನಿಂತರು. ಒಲೆಯ ಹೊಗೆ ಕುಡಿದ ಹಳೆಯ ಕೆಮ್ಮು ಅವರಿಗೆ. ನಿಹಾರಿಕಾಳಿಗೆ ಹಂದಿ ಜ್ವರ ಎಂದು ಗೊತ್ತಾದ ದಿನ ಜಯಲಕ್ಷ್ಮಿ ಆಂಟಿ ಎಲ್ಲರಿಗೂ ಫೋನ್ ಮಾಡಿದರು. "ಯೋಗೀಶನ ತಾಯೀನೇ ಪ್ಲೇನಲ್ಲಿ ತಂದಿರೋದು. ನೀವೂ ಕಿಚನ್‌ನಲ್ಲಿ ಇದ್ರಲ್ಲ, ಅವರು ಕೆಮ್ಮಿದ್ದು ಕೇಳ್ಲಿಲ್ವಾ?"

ನಾನು, "ಹೌದ್ರಿ, ಕೆಮ್ಮತಿದ್ರು" ಎಂದೆ.

ಸುಳ್ಳಲ್ಲವಲ್ಲ! ಅಷ್ಟು ಸಾಕಾಯಿತು. ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಹೇಮಲತಾ ಹೇಳಿದ್ದಾಳೆ ಎಂದರೆ ಮುಗಿಯಿತು. ಆಸ್ಪತ್ರೆಯಲ್ಲಿ ನೀನೂ ಕೇಳಿದೆ, "ಆ ಮುದಿಕಿನ ತಂದಿರಬೇಕಲ್ಲ?" "ಇರಬಹುದು" ಎಂದೆ ನಾನು. ಎರಡು ವಾರದ ಮೇಲೆ ಅಂಗಡಿಯಲ್ಲಿ ಯೋಗೀಶ ಸಿಕ್ಕ. "ಅಮ್ಮ ವಾಪಸ್ ಟಿಕೆಟ್ ಬೇಗಕ್ಕೆ ಮಾಡ್ಸು ಅಂತ ಹಟ ಹಿಡಿದಿದಾರೆ ಆಂಟಿ. ಬಸುರಿ ಹೆಂಗಸಿಗೆ ಕಾಯಿಲೆ ತಂದೋಳು ಅನ್ನಿಸ್ಕೊಂಡು ಇಲ್ಲಿರಕ್ಕಾಗಲ್ಲ ಅಂತಾರೆ" ಎಂದ. ನಾನು ತೊಗರಿಬೇಳೆಯ ಚೀಲ ನೋಡುತ್ತ ನಿಂತೆ. ಜೂನ್ ಮುಗಿಯುವ ಮೊದಲೇ ಆಕೆ ಹೊರಟುಹೋದರು. ನಮ್ಮ ಓಣಿಯವರು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದೆ. ಓಣಿಯವರು ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ನಾನು ಬಾಯಿಬಿಟ್ಟು ಅಂದೆ.

ಈಗ ನಿನಗೆ ಗೊತ್ತಾಯಿತು. ಮಗಳಿಗೆ ಬಂದದ್ದು ನಮ್ಮ ಮನೆಯಿಂದ, ನನ್ನ ಕೈಯಿಂದ. ಸಂಯುಕ್ತಾಳಿಗೆ ಆ ಸೋಮವಾರವೇ ಜ್ವರ ಕಾಣಿಸಿಕೊಂಡು ಎರಡು ದಿನಕ್ಕೆ ಇಳಿದಿತ್ತು. ಆಕೆಯ ಮೂಲಕ ನನಗೆ ಗೊತ್ತಿಲ್ಲದೆ ನಾನು ಹೊತ್ತೊಯ್ದಿರಬೇಕು. ನಾನು ಮಾಡಿದ್ದು ಇಷ್ಟೇ. ಇಷ್ಟೇ ಎಂದರೆ ಕಡಿಮೆ ಎಂದಲ್ಲ.

ತೊಟ್ಟಿಲ ಕಾರ್ಯಕ್ಕೆ ನಾನು ಬರುವುದಿಲ್ಲ. ಕೂಸಿಗೆ ನನ್ನ ಹೆಸರು ಬೇಡ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಮಾತು ಬಿಟ್ಟರೆ ಅದೂ ಸರಿ. ನಿಹಾರಿಕಾಳಿಗೆ ಹೇಳುವುದು ನಿನಗೆ ಬಿಟ್ಟದ್ದು. ಕೂಸು ಎದೆಹಾಲು ಕುಡಿದು ಗುಂಡಗಾಗಲಿ, ಬಾಣಂತಿಯ ಮೈಯಲ್ಲಿ ಮತ್ತೆ ಶಕ್ತಿ ಬರಲಿ. ನಿನ್ನ ಮನೆಯಲ್ಲಿ ಇನ್ನು ಮೇಲೆ ಆಸ್ಪತ್ರೆಯ ಮಾತೇ ಬರದಿರಲಿ. ನನ್ನ ಹಾರೈಕೆ ನಿನಗೆ ಬೇಡವಾದರೂ ಇದು ನನ್ನ ಹಾರೈಕೆ.

ನಿನ್ನವಳು ಎಂದು ಬರೆಯಲು ಕೈ ಬಾರದೆ,
ಹೇಮಲತಾ

ತಾ.ಕ.: ಲಕೋಟೆ ಅಂಟಿಸಿದ್ದೆ. ಒಡೆದು ಇದನ್ನು ಬರೆಯುತ್ತಿದ್ದೇನೆ. ಇಷ್ಟೇ ಎಂದೆನಲ್ಲ, ಅದು ಸುಳ್ಳು. ಗೊತ್ತಿಲ್ಲದೆ ಎಂದದ್ದೂ ಸುಳ್ಳು.

ಆ ರವಿವಾರ ಬೆಳಿಗ್ಗೆ ನನಗೇ ಮೈ ಕಾಯುತ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿಕೊಂಡೆ, ಮೂವತ್ತೆಂಟೂವರೆ, ಊರಿನ ಲೆಕ್ಕದಲ್ಲಿ ನೂರಾ ಒಂದರ ಮೇಲೆ. ಜ್ವರ ಇಳಿಸಲು ಎರಡು ಪ್ಯಾನಡಾಲ್ ಗುಳಿಗೆ ನುಂಗಿದೆ. ಕ್ಲೇಟನ್ನಿನಲ್ಲಿ ಕಾರು ನಿಲ್ಲಿಸಿ ಮತ್ತೆರಡು ನುಂಗಿ, ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡು ಒಳಗೆ ಹೋದೆ.

ಅಡುಗೆಮನೆಯಲ್ಲಿ ಪುಟ್ಟಮ್ಮನವರು ನೀರಿನ ಲೋಟ ಕೊಡುವಾಗ ನನ್ನ ಕೈ ತಾಗಿತು. ತಕ್ಷಣ ಹಣೆಯ ಮೇಲೆ ಅಂಗೈ ಇಟ್ಟು, "ಮೈ ಸುಡ್ತಾ ಅದಲ್ಲವ್ವಾ. ಬಸುರಿ ಹೆಣ್ಣು, ಹತ್ರ ಹೋಗ್ಬ್ಯಾಡ. ಉಡಿ ತುಂಬೋದ ಬ್ಯಾರೆಯವ್ರ ಕೈಲಿ ಮಾಡ್ಸು" ಎಂದರು.

"ಅದು ಮುತ್ತೈದೆಯರ ವಿಷಯಾರಿ, ನಿಮಗ ತಿಳಿಯೂದಿಲ್ಲ ಬಿಡ್ರಿ" ಎಂದೆ ನಾನು.

ಆಕೆ ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಒಲೆಯ ಕಡೆ ತಿರುಗಿದರು. ಆಮೇಲೆ ಇಡೀ ಮೆಲ್ಬರ್ನಿನ ನಮ್ಮ ಜನ ಅವರ ಮೇಲೆ ಹೊರಿಸಿದಾಗಲೂ ಸುಮ್ಮನಿದ್ದರು. ಒಂದು ಮಾತು ಅಂದಿದ್ದರೆ ಸಾಕಿತ್ತು. ಮಗನ ಹತ್ತಿರವೂ ಅನ್ನಲಿಲ್ಲ.

ಯೋಗೀಶನಿಗೂ ಇವತ್ತೇ ಇದನ್ನೆಲ್ಲ ಬರೆದು ಹಾಕುತ್ತಿದ್ದೇನೆ. ಜಯಲಕ್ಷ್ಮಿ ಆಂಟಿಗೆ ನಾಳೆ ಅವರ ಮನೆಗೇ ಹೋಗಿ ಹೇಳುತ್ತೇನೆ. ಪುಟ್ಟಮ್ಮನವರಿಗೆ ನಿನ್ನೆ ಊರಿಗೆ ಫೋನ್ ಮಾಡಿದೆ. ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ, "ಮಗು ಹೆಂಗದವ್ವಾ? ತಾಯಿ ಹೆಂಗವ್ಳೆ?" ಎಂದು ಕೇಳಿದರು. ಇಬ್ಬರೂ ಚೆನ್ನಾಗಿದ್ದಾರೆ ಎಂದೆ. ಆಮೇಲೆ ಮತ್ತೊಂದು ಕೇಳಿದರು. ಅದನ್ನು ಕೇಳಿ ಫೋನಿಟ್ಟುಬಿಟ್ಟೆ.

"ನಿಂಗೆ ಅವತ್ತು ಬಂದಿತ್ತಲ್ಲ ಜ್ವರ, ಬುಡ್ತಾ ಮಗಳೇ?"