ಆರದ ಚಹಾ

ಅವ್ವಾ,

ನೀನು ಇಲ್ಲ, ಇದನ್ನು ಓದುವುದೂ ಇಲ್ಲ. ಆದರೂ ನಿನಗೇ ಹೇಳಬೇಕು: ಇವತ್ತು ನಾನು ಕೂತು ಬಿಸಿ ಚಹಾ ಕುಡಿದೆ.

ಲಕ್ವಾ ಹೊಡೆದ ಮೇಲೆ ನಮ್ಮ ಅತ್ತೆಯ ಎಡಗೈ ಏಳುವುದಿಲ್ಲ. ಹಾಗಂತ ಅವರು ಲಿಂಗಪೂಜೆ ಬಿಡುವವರಲ್ಲ. ದಿನಾ ಬೆಳಿಗ್ಗೆ ಅವರ ಎಡ ಅಂಗೈಯ ಮೇಲೆ ಲಿಂಗವಿಟ್ಟು, ಆ ಕೈಯನ್ನು ಕೆಳಗಿನಿಂದ ನಾನೇ ಎತ್ತಿ ಹಿಡಿದಿರುತ್ತೇನೆ. ಕಣ್ಣು ಮುಚ್ಚಿದರೆ ಅವರು ಬೇಗ ತೆರೆಯುವುದಿಲ್ಲ. ಅಷ್ಟರಲ್ಲಿ ನನ್ನ ಚಹಾ ಆರಿಹೋಗಿರುತ್ತದೆ.

ಇವತ್ತು ಪೂಜೆಗೆ ಪತ್ರಿ ಕೊಡಲು ಬಂದ ಪಕ್ಕದ ಮನೆಯ ದಾನಮ್ಮ ನನ್ನ ಕೈ ಸರಿಸಿ ತಮ್ಮ ಕೈ ಇಟ್ಟರು.

“ನೀ ಹೋಗಿ ಚಾ ಕುಡಿ. ನಾಳಿನೂ ಬರ್ತೇನಿ.”

“ನಿಮಗ್ಯಾಕ ತ್ರಾಸ್ರಿ?” ಎಂದೆ.

ಅತ್ತೆ ಕಣ್ಣು ತೆರೆಯದೆಯೇ ಹೇಳಿದರು: “ಹೋಗ್ ಹೋಗ್, ಆಕಿ ಕೈ ನಿನ್ನಂಗ ನಡುಗಂಗಿಲ್ಲ!”

ಇಷ್ಟು ದಿನ ಹಿಡಿದದ್ದಕ್ಕೆ ಇದೇ ಬಹುಮಾನ! ನಗು ಬಂತು. ಔರಾದದ ನಮ್ಮ ಕಟ್ಟೆಯ ಮೇಲೆ ಕೂತು, ಬೀದರ ಬಸ್ಸು ಹೋಗುವುದನ್ನು ನೋಡುತ್ತಾ ಕಪ್ಪು ಖಾಲಿ ಮಾಡಿದೆ.

ಖಟಕ ಚಿಂಚೋಳಿಯ ನಿನ್ನ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾಗ ನಿನ್ನ ಚಹಾದ ಮೇಲೆ ಯಾವಾಗಲೂ ಕೆನೆ ಕಟ್ಟಿರುತ್ತಿತ್ತು. ನಿನಗೆ ಆರಿದ ಚಹಾನೇ ಸೇರುತ್ತದೆ ಎಂದುಕೊಂಡಿದ್ದೆ.