ಅವ್ವನ ಹಣೆಗೆ ನೀವಿಟ್ಟ ಕುಂಕುಮ

ವಿದೇಶಕ್ಕೆ ಹೋಗುವ ಚಿತ್ರಗಳನ್ನು ಆರಿಸುವ ಮಾನ್ಯ ಅಧಿಕಾರಿಗಳೇ,

ನನ್ನ ವಿಧವೆ ತಾಯಿಯನ್ನು ಅವಳನ್ನೂ ಕೇಳದೆ, ನನ್ನನ್ನೂ ಕೇಳದೆ ಮುತ್ತೈದೆ ಮಾಡಿದ್ದೀರಿ. ನಾನು ಬರೆದ ಅವಳ ಚಿತ್ರದ ಹಣೆಗೆ ಕುಂಕುಮ, ಬರಿಗೈಗೆ ಹಸಿರು ಬಳೆ ಬರೆಸಿ ರೊಮೇನಿಯಾಕ್ಕೆ ಕಳಿಸಲು ಸಿದ್ಧಪಡಿಸಿದ್ದೀರಿ. ಸಮಾಜ ಸುಧಾರಕರು ತಲೆಮಾರುಗಟ್ಟಲೆ ಹೆಣಗಿದರೂ ಆಗದ್ದನ್ನು ನಿಮ್ಮ ಕಚೇರಿ ಒಂದೇ ಕುಂಚದಲ್ಲಿ ಮುಗಿಸಿತು. ನಿಮಗೆ ಶಾಲು ಹೊದಿಸಬೇಕಿತ್ತು. ನನಗೋ ಅಳು ತಡೆಯಲಾಗುತ್ತಿಲ್ಲ.

ನಾನು ಕೊಣ್ಣೂರಿನಲ್ಲಿ ಚಿತ್ರಕಲಾ ಶಿಕ್ಷಕಿ. ಹೋದ ವರ್ಷ, ೨೦೦೩ರಲ್ಲಿ, ನೀವೇ ಬೆಳಗಾವಿಯಲ್ಲಿ ರೊಮೇನಿಯಾದ ಕಲಾವಿದೆಯರ ಪ್ರದರ್ಶನ ಏರ್ಪಡಿಸಿದ್ದಿರಿ. ಅಲ್ಲಿನ ಹಳ್ಳಿ ಹೆಂಗಸರ ಕುಪ್ಪಸದ ಕಸೂತಿ ಆ ಚಿತ್ರಗಳಲ್ಲಿ ಬಟ್ಟೆ ದಾಟಿ ಮೈಮೇಲೆ, ಗೋಡೆಯ ಮೇಲೆ, ಆಕಾಶದಲ್ಲೂ ಹಬ್ಬಿತ್ತು. ಕಪ್ಪು ಕಸೂತಿಯ ಒಬ್ಬ ಮುದುಕಿಯ ಚಿತ್ರದ ಮುಂದೆ ನಾನು ನಿಂತೇ ಬಿಟ್ಟೆ. ತಮ್ಮೂರಿನಲ್ಲಿ ಹರೆಯದವರಿಗೆ ಕೆಂಪು ನೂಲು, ವಯಸ್ಸಾದಂತೆ ಕಪ್ಪು ಎಂದು ಅದನ್ನು ಬರೆದಾಕೆ ದುಭಾಷಿಯ ಮೂಲಕ ಹೇಳಿದಳು. ಹೆಣ್ಣಿಗೆ ಅಂದವನ್ನು ಯಾವಾಗ ಕೊಡಬೇಕು, ಯಾವಾಗ ಕಸಿಯಬೇಕು ಎಂಬುದು ಅಲ್ಲೂ ಬೇರೆಯವರ ಕೈಯಲ್ಲೇ ಇದೆಯಲ್ಲ ಅನ್ನಿಸಿತು. ಆದರೆ ಆಕೆ ಆ ಕಪ್ಪನ್ನು ಮುಚ್ಚಿಟ್ಟಿರಲಿಲ್ಲ. ಅದನ್ನೇ ಚಂದಗಾಣಿಸಿದ್ದಳು.

ಆ ಧೈರ್ಯದಲ್ಲೇ ಕಲ್ಲೋಳಿಗೆ ಹೋಗಿ ಅವ್ವ ಗೌರವ್ವನನ್ನು ಎದುರಿಗೆ ಕೂಡಿಸಿಕೊಂಡೆ. ನಾನಿನ್ನೂ ಕಂಕುಳಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. "ನನ್ನೇನ್ ಬರೀತಿ ಬಿಡವಾ, ಮೈಮ್ಯಾಲ ಒಂದ ಬಳಿ ಸೈತ ಇಲ್ಲ" ಎಂದಳು. ವಿಭೂತಿಯ ಕೆಳಗೆ, ಹುಬ್ಬುಗಳ ನಡುವೆ ಇದ್ದ ಹಚ್ಚೆಯ ಬೊಟ್ಟನ್ನು ಮುಟ್ಟಿ ತೋರಿಸಿದೆ. ಅವ್ವ ನಕ್ಕಳು. "ಇದ ನಮ್ಮವ್ವ ಹಾಕಿಸಿದ್ದು. ಕುಂಕುಮ ಒರಸಿದ್ರು, ಬಳಿ ಒಡದ್ರು. ಇದನ್ನ ಮಾತ್ರ ಯಾರಿಗೂ ತಗ್ಯಾಕ ಆಗ್ಲಿಲ್ಲ ನೋಡು. ಮಣ್ಣಿಗೂ ನನ್ನ ಜೋಡಿ ಬರೋದು ಇದೊಂದ." ಹಾಗೆಂದವಳೇ ಸೆರಗು ಹಿಂದಕ್ಕೆ ಸರಿಸಿ, ಹಣೆ ಎತ್ತಿ ಕುಳಿತಳು. ಹಣೆಯ ಬೊಟ್ಟು, ಗಲ್ಲದ ಚುಕ್ಕಿ, ಮುಂಗೈಯ ತೊಟ್ಟಿಲು, ಈ ಹಚ್ಚೆಗಳ ಮಾಸಿದ ಹಸಿರನ್ನೇ ನಾನು ಇಡೀ ಚಿತ್ರಕ್ಕೆ ಹಬ್ಬಿಸಿದೆ. ರೊಮೇನಿಯಾದ ಮರುಪ್ರದರ್ಶನಕ್ಕೆ ನೀವು ಅದನ್ನು ಆರಿಸಿದಿರಿ. ಸಂತೋಷಪಟ್ಟೆ.

ಕಳಿಸುವ ಮೊದಲು ಗೋಕಾಕದಲ್ಲಿ ಚಿತ್ರಗಳನ್ನು ತೋರಿಸುತ್ತಾರೆಂದು ತಿಳಿದು ಅವ್ವನನ್ನು ಬಸ್ಸಿನಲ್ಲಿ ಕರೆತಂದೆ. ನೋಡಿದರೆ ಹಚ್ಚೆಯ ಬೊಟ್ಟಿನ ಮೇಲೇ ಕಾಸಗಲ ಕೆಂಪು! ನಿಮ್ಮ ಸಹಾಯಕರು ಹಲ್ಲು ಕಿರಿದರು: "ಕುಂಕುಮ ಹಚ್ಚೂದ ಮರತಿದ್ರಿ ಮೇಡಂ. ಸಾಹೇಬ್ರು ಬೋರ್ಡ್ ಬರ್ಯಾಂವನ್ನ ಕರಿಸಿ ಹಚ್ಚಿಸ್ಯಾರ. ಫಾರಿನ್ನಿಗೆ ಹೋಗೂದೈತಿ, ನಮ್ಮ ಹೆಣ್ಮಕ್ಕಳು ಲಕ್ಷಣಾಗಿ ಕಾಣಬೇಕಲ್ರಿ." ಲಕ್ಷಣವೇ? ಹಾಗಾದರೆ ನಿಮ್ಮ ಮನೆಯ ಅರಿಷಿಣ ಕುಂಕುಮಕ್ಕೆ ನನ್ನ ಅವ್ವನನ್ನು ಕರೆಯುತ್ತೀರಾ? ಮದುವೆ ಮನೆಯಲ್ಲಿ ಕಂಬದ ಮರೆಗೆ ಸರಿದು ನಿಲ್ಲುವವಳನ್ನು ಆರತಿಗೆ ಮುಂದೆ ಬಾ ಅನ್ನುತ್ತೀರಾ? ಜೀವಂತ ಹಣೆಗೆ ಇಡಲು ಎಂಟೆದೆ ಬೇಕು, ಚಿತ್ರಕ್ಕೆ ಇಡಲು ಬಣ್ಣದ ಡಬ್ಬಿ ಸಾಕು.

ಅವ್ವ ಚಿತ್ರದ ಹತ್ತಿರ ಹೋಗಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ರಾಜೀ, ನನ್ನ ಹಣಿ ನೋಡಿ ನಿನಗ ನಾಚಿಕಿ ಬಂತೇನವಾ?" ನಾನಲ್ಲ, ಕಚೇರಿಯವರು ಎಂದೆ. ಆಣೆ ಮಾಡಿದೆ. "ಇರ್ಲಿ ಬಿಡು. ನಾಕ ಮಂದಿ ನೋಡೂ ಜಾಗಾ. ನೀ ಮಾಡಿದ್ದ ಬರೋಬರಿ ಐತಿ" ಎಂದು ನನಗೇ ಸಮಾಧಾನ ಹೇಳಿದಳು. ಬೇರೆಯವರ ಚಿತ್ರಕ್ಕೆ ಸರಕಾರ ಯಾಕೆ ಕೈ ಹಚ್ಚೀತು ಎಂಬುದು ಅವಳ ನಂಬಿಕೆ. ಮಗಳ ಆಣೆಗಿಂತ ನಿಮ್ಮ ಮೇಲೇ ಅವಳಿಗೆ ಹೆಚ್ಚು ಗೌರವ! ಅಂದಿನಿಂದ ನಾನು ಕಲ್ಲೋಳಿಗೆ ಹೋದಾಗಲೆಲ್ಲ ಅವಳು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಾಳೆ. ಊರವರ ಮುಂದೆ ಮುಚ್ಚುತ್ತಿದ್ದ ಹಣೆಯನ್ನು ಈಗ ಮಗಳ ಮುಂದೆಯೂ ಮುಚ್ಚುತ್ತಾಳೆ.

ಆದ್ದರಿಂದ ಚಿತ್ರವನ್ನು ಕಳಿಸಬೇಡಿ. ವಿಷಾದ ಸೂಚಿಸುವ ಪತ್ರವೂ ಬೇಡ. ನಿಮ್ಮ ಜೀಪು ಹತ್ತಿ ಕಲ್ಲೋಳಿಗೆ ಬನ್ನಿ. ಅವ್ವನ ಎದುರು ಕುಳಿತು, "ಇದು ನಿಮ್ಮ ಮಗಳು ಮಾಡಿದ್ದಲ್ಲ, ನಾನು ಮಾಡಿಸಿದ್ದು" ಎಂದು ನಿಮ್ಮ ಬಾಯಿಂದಲೇ ಹೇಳಿ. ಅವಳು ಬೈಯುವುದಿಲ್ಲ, ಚಹಾ ಕೊಡುತ್ತಾಳೆ. ಕುಡಿಯಿರಿ. ಅವಳು ಸೆರಗು ಹಿಂದಕ್ಕೆ ಸರಿಸುವವರೆಗೆ ದಯವಿಟ್ಟು ಎದ್ದು ಹೋಗಬೇಡಿ.

ಇಂತಿ,
ಹೆತ್ತವಳ ಹಣೆ ನೋಡಲು ಸರಕಾರದ ದಾರಿ ಕಾಯುತ್ತಿರುವ
ರಾಜೇಶ್ವರಿ, ಕೊಣ್ಣೂರ