ತಿರುವಿ ಹಾಕಿದ ಅಚ್ಚು

ಹನುಮಂತನಪಟ್ಟಿ
ಹೇವಿಳಂಬಿ ವರುಷ, ಮಾಸಿ ತಿಂಗಳು ೧೨ (೧೮೯೮)

ವೇದಸಂದೂರಿನಲ್ಲಿರುವ ತಂಗಿ ಮಗ, ಅಳಿಯನಾಗೋ ಮಾಪಿಳ್ಳೆ ಚಿನ್ನತಂಬಿಗೆ ಮಾಮ ಕರುಪ್ಪಯ್ಯನ ಆಶೀರ್ವಾದ.

ನಾವಿಲ್ಲಿ ಉಸಿರಾಡಿಕೊಂಡಿದ್ದೀವಿ. ನಿನ್ನ ಕಾಲಿನ ಗಾಯ ಒಣಗಿತೋ ಇಲ್ಲವೋ. ನಿನ್ನ ಕಾಗದ ಬಂದು ಇಪ್ಪತ್ತು ದಿನ ಆಯ್ತು, ತಡವಾಯ್ತು ಅಂತ ಬೇಜಾರು ಮಾಡ್ಕೋಬೇಡ. ಮೂರು ಸಲ ಬರೆದೆ, ಮೂರು ಸಲವೂ ಹರಿದುಹಾಕಿದೆ. ತಪಾಲಿನವರು ಬಿಚ್ಚಿ ನೋಡಿದರೂ ತಿಳೀಬಾರದು ಅಂತ ತಮಿಳು ಅಕ್ಷರದಲ್ಲಿ ನಮ್ಮ ಮನೆಮಾತು ಕನ್ನಡ ಬರೀತಿದ್ದೀನಿ. ಮೆಲ್ಲಗೆ ಕೂಡಿಸಿ ಓದು.

"ಕಾಲಿಲ್ಲದವನಿಗೆ ಪಾಪಮ್ಮಾಳನ್ನು ಕಟ್ಟಬೇಡಿ, ಬೇರೆ ಕಡೆ ನೋಡಿ" ಅಂತ ಬರೆದಿದ್ದೀಯ. ಓಹೋ, ಅಷ್ಟು ದೊಡ್ಡ ಮನುಷ್ಯ ಆಗಿಬಿಟ್ಟೆಯಾ? ನನ್ನ ಮಗಳು ಹುಟ್ಟಿದ ದಿನವೇ ನಿನಗೆ ಅಂತ ಗೊತ್ತಾದವಳು. ಓದಿ ಹೇಳಿದಾಗ ಅಕ್ಕಿ ಆರಿಸ್ತಾ ಇದ್ದಳು. "ಅಪ್ಪಾ, ಹೋದದ್ದು ಕಾಲು ತಾನೇ, ಅವರ ಬುದ್ಧಿಯೂ ಹೋಯ್ತಾ?" ಅಂದಳು. ಮೊರ ಇಟ್ಟು ಹಿತ್ತಲಿಗೆ ಹೋದವಳು ಹೊತ್ತು ಮುಳುಗೋವರೆಗೂ ಒಳಗೆ ಬರಲಿಲ್ಲ.

ನಿನ್ನ ಮೇಲೆ ನನಗೆ ಕೋಪ ಇದೆ, ಯಾಕೆ ಮುಚ್ಚಿಡಲಿ? ಪಂದ್ಯದ ಎತ್ತಿನಗಾಡಿಗೆ ಕಡಾಣಿ ಹೊಡೆಯೋದು ನಮ್ಮಲ್ಲಿ ಮಾಮನ ಕೈ. ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಆ ಗೇಣುದ್ದದ ಕಬ್ಬಿಣ ಹೊಡೆದು, ಅರಿಶಿನ ಹಚ್ಚಿ, "ಹೋಗಿ ಬಾ" ಅಂದಮೇಲೇ ಗಾಡಿ ಹೊರಡಬೇಕು. ನೀನು ದಿಂಡಿಗಲ್ಲಿನಲ್ಲಿ ಯಾವನೋ ಬಿಳಿ ದೊರೆಯ ಹಳೇ ಕುದುರೆಗಾಡಿ ನೋಡಿ ಬಂದೆ. ಚಕ್ರದ ನಟ್ಟನಡುವೆ ಒಂದೇ ಒಂದು ಹಿತ್ತಾಳೆ ತಿರುಪು, ಕಡಾಣಿಯ ಕೆಲಸವೇ ಇಲ್ಲ. "ಹಗುರ ಮಾಮ, ಚಕ್ರ ಅಲ್ಲಾಡೋದೇ ಇಲ್ಲ, ಪೆರಿಯಕುಳದವರು ನಮ್ಮ ಧೂಳು ಕುಡೀಬೇಕು" ಅಂತ ಕುಣಿದೆ. ಕುಣಿ, ಬೇಡ ಅನ್ನಲಿಲ್ಲ. ಆದರೆ ಇಲ್ಲಿ ನಮ್ಮೂರ ಬಾವಿಕಟ್ಟೆಯಲ್ಲಿ ಊರೆಲ್ಲ ನೋಡ್ತಿರುವಾಗ ಹಳೇ ಕಡಾಣಿ ನನ್ನ ಕೈಲಿಟ್ಟು, "ಇನ್ಮೇಲೆ ಇದರಲ್ಲಿ ಬೆನ್ನು ಕೆರೆದುಕೊಳ್ಳಿ ಮಾಮ" ಅಂದೆಯಲ್ಲ! ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೂ ಹೊಸ ಅಚ್ಚು, ಚಕ್ರ ತರೋದಕ್ಕೆ ದಿಂಡಿಗಲ್ಲಿಗೆ ಗಾಡಿ ಕಟ್ಟಿಕೊಂಡು ಹೋದವನು ನಾನೇ. ಅದನ್ನು ಮಾಡಿಕೊಟ್ಟ ಆಚಾರಿ ಮುತ್ತುಸಾಮಿಯನ್ನು ನೀನು ಕಾಗದದಲ್ಲಿ ಬಯ್ದಿದ್ದೀಯ. ಬಯ್ಯಬೇಡ, ಅವನ ಕೆಲಸ ಚೊಕ್ಕ. ಒಂದು ತಿಂಗಳು ಓಡಿಸಿ ಪಳಗಿಸಿದೆಯಲ್ಲ, ಏನಾದರೂ ಆಯ್ತಾ? ಪೊಂಗಲ್ ಪಂದ್ಯದ ಹಿಂದಿನ ದಿನ ವಾಡಿಕೆಯಂತೆ ನೀನು ನಮ್ಮ ಮನೆ ಅಂಗಳದಲ್ಲೇ ಅಚ್ಚು ತಿರುವಿ ಹಾಕಿದೆ. ಒಂದೇ ಕಡೆ ಸವೀಬಾರದು ಅಂತ ಎಡತುದಿ ಬಲಕ್ಕೆ, ಬಲತುದಿ ಎಡಕ್ಕೆ, ಅಜ್ಜನ ಕಾಲದಿಂದ ಎಲ್ಲರೂ ಮಾಡೋದು ಹಾಗೇ. ಮಾರನೇ ದಿನ ಮೂರನೇ ಮೈಲಿಯಲ್ಲಿ ಎಡಚಕ್ರ ಕಳಚಿತು, ಗಾಡಿ ನಿನ್ನ ಮೊಣಕಾಲ ಮೇಲೆ ಬಿತ್ತು, ಕಾಲೇ ತೆಗೀಬೇಕಾಯ್ತು. ಎತ್ತುಗಳಿಗೆ ಏನೂ ಆಗಿಲ್ಲ, ಇಲ್ಲೇ ಮೇಯ್ತಿವೆ.

ಮದುವೆ ಬರೋ ಪಂಗುನಿ ತಿಂಗಳಲ್ಲೇ ನಡೆಯುತ್ತೆ. ನೀನು ಬೇಡ ಅಂದರೂ ಪಾಪಮ್ಮಾಳ್ ಬಿಡೋಳಲ್ಲ. ಗಾಯಕ್ಕೆ ಎಣ್ಣೆ ಹಚ್ಚೋದು ಮರೀಬೇಡ. ದೇವರು ನಿನಗೆ ನೂರು ವರುಷ ಕೊಡಲಿ.

ಇಂತಿ ನಿನ್ನ ಮಾಮ,
ಕರುಪ್ಪಯ್ಯ

ಮತ್ತೊಂದು ಮಾತು. ಇದಕ್ಕೇ ಮೂರು ಸಲ ಹರಿದದ್ದು. ಆಚಾರಿ ನನಗೆ ಎರಡೆರಡು ಸಲ ಹೇಳಿದ್ದ: "ಅಯ್ಯಾ, ನಿಮ್ಮ ಕಡೆ ಅಚ್ಚು ತಿರುವಿ ಹಾಕ್ತಾರೆ, ಇದನ್ನು ಮಾತ್ರ ತಿರುವಬೇಡಿ. ಎಡದ ತಿರುಪು ಎಡಕ್ಕೆ ಬಿಗಿಯುತ್ತೆ, ಬಲದ್ದು ಬಲಕ್ಕೆ. ಅದಲುಬದಲಾದರೆ ಚಕ್ರ ಓಡಿದಷ್ಟೂ ತಾನೇ ಬಿಚ್ಚಿಕೊಳ್ಳುತ್ತೆ." ನಿನಗೆ ಹೇಳು ಅಂತ ಕಳಿಸಿದ. ನೀನು ತಿರುವುವಾಗ ನಾನು ಎದುರು ಜಗಲಿಯಲ್ಲಿ ಎಲೆಯಡಿಕೆ ಜಗೀತಾ ಕೂತಿದ್ದೆ. ಉಗುಳಿ ಒಂದು ಮಾತು ಹೇಳಲಿಲ್ಲ. ತಿರುಪು ಸಡಿಲವಾಗುತ್ತೆ, ನಿಲ್ಲಿಸ್ತಾನೆ, ಸೋಲ್ತಾನೆ, ಕಡಾಣಿ ಹೊಡೆಯಿರಿ ಮಾಮ ಅಂತ ನನ್ನ ಹತ್ತಿರ ಬರ್ತಾನೆ ಅಂದುಕೊಂಡೆ. ನನಗೆ ಬೇಕಾಗಿದ್ದದ್ದು ಅಷ್ಟೇ ಕಣೋ. ನಿನ್ನ ಕಾಲು ಬೇಕಿರಲಿಲ್ಲ.

ನಿನ್ನೆ ಪಾಪಮ್ಮಾಳಿಗೆ ಹೇಳಿದೆ. ಊಟ ಬಡಿಸಿಟ್ಟು ಹಿತ್ತಲಿಗೆ ಹೋಗಿಬಿಡ್ತಾಳೆ. ನಿನ್ನ ಅಮ್ಮ ಓಚ್ಚಮ್ಮಾಳ್ ಮಾತ್ರ, ಗಾಡಿ ಎತ್ತಿ ಮಗನ ಜೀವ ಉಳಿಸಿದ ಅಣ್ಣ ನೀನು ಅಂತ ಪ್ರತಿ ಕಾಗದದಲ್ಲೂ ಕೈಮುಗಿದು ಬರೆಸ್ತಾಳೆ. ನನ್ನ ತಂಗಿಗೆ ಓದು ಬರಲ್ಲ. ಇದನ್ನು ನೀನೇ ಅವಳಿಗೆ ಓದಿ ಹೇಳಬೇಕು.